ಕೋಲು ಯಾವ ಕೈಯಲ್ಲಿರಬೇಕು?
ಮೊಣಕಾಲಿನ ಕೀಲು ಬದಲಾಯಿಸಿದ ನಂತರ ದಿನವೂ ನಡೆದರೆ ಸಾಕು, ಬಲ ತಾನಾಗಿ ಬರುತ್ತದೆ ಎಂಬ, ನಾನು ಓದಿದ ಲೇಖನವೊಂದರ ಮಾತನ್ನು ಪೂರ್ತಿ ಒಪ್ಪಲಾರೆ. ನೋವು ಮತ್ತು ಬಾವಿನಿಂದಾಗಿ ತೊಡೆಯ ಮುಂಭಾಗದ ಸ್ನಾಯು ಸರಿಯಾಗಿ ಬಿಗಿಯಾಗುವುದಿಲ್ಲ. ಆ ಸ್ನಾಯುವಿಗೆಂದೇ ಇರುವ ವ್ಯಾಯಾಮ ಮಾಡದೆ ಬರೀ ನಡೆದರೆ ಕುಂಟುವುದೇ ರೂಢಿಯಾಗಿಬಿಡಬಹುದು. ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ತಾಯಿಯವರು ಬಲಗಾಲಿನ ಶಸ್ತ್ರಚಿಕಿತ್ಸೆಯ ಬಳಿಕ ಎರಡು ತಿಂಗಳು ಹಾಗೆಯೇ ಕುಂಟಿದರು. ಫಿಜಿಯೋಥೆರಪಿಸ್ಟ್ ಹೇಳಿದಂತೆ ಹಾಸಿಗೆಯಲ್ಲಿ ಕಾಲು ಚಾಚಿ, ಸುರುಳಿ ಸುತ್ತಿದ ಟವೆಲನ್ನು ಮೊಣಕಾಲಿನಡಿ ಇಟ್ಟು ಕೆಳಕ್ಕೆ ಒತ್ತಿ, ಐದು ಎಣಿಸುವವರೆಗೆ ತೊಡೆಯನ್ನು ಬಿಗಿಹಿಡಿಯುವುದನ್ನು ದಿನಕ್ಕೆ ಮೂರು ಹೊತ್ತು ಮಾಡಿದ ಮೇಲೆ, ಜೊತೆಗೆ ಬಲಗೈಯಲ್ಲಿದ್ದ ಕೋಲನ್ನು ಎಡಗೈಗೆ, ಅಂದರೆ ಶಸ್ತ್ರಚಿಕಿತ್ಸೆಯಾದ ಕಾಲಿನ ಎದುರು ಬದಿಯ ಕೈಗೆ, ಬದಲಾಯಿಸಿದ ಮೇಲೆ (ಮನೆಯವರೆಲ್ಲ ಸೇರಿ ತಪ್ಪು ಕೈಗೇ ಕೊಟ್ಟಿದ್ದೆವು), ಹಿಮ್ಮಡಿಯನ್ನು ಮೊದಲು ಊರುವ ಸಹಜ ನಡಿಗೆ ನಿಧಾನವಾಗಿ ಮರಳಿತು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲನ್ನೂ, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲನ್ನೂ ಮೊದಲು ಇಡಬೇಕೆಂಬುದನ್ನು ಲೇಖನದಲ್ಲಿ ಸೇರಿಸಬೇಕಿತ್ತು.