ಮೆಟ್ಟಿಲಿಗೂ ಸ್ವಲ್ಪ ಜಾಗ ಬಿಡಿ

ಮೈಸೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುವವರು ಅಡುಗೆಮನೆ, ದೇವರಮನೆ, ಕಾರ್ ಪಾರ್ಕಿಂಗ್ ಬಗ್ಗೆ ತಿಂಗಳುಗಟ್ಟಲೆ ಮಾತಾಡುತ್ತಾರೆ. ಮೆಟ್ಟಿಲ ವಿಷಯಕ್ಕೆ ಬಂದಾಗ ಕೇಳುವುದು ಒಂದೇ, ಬೆಸ ಸಂಖ್ಯೆ ತಾನೇ ಅಂತ. ಮಿಕ್ಕಿದ್ದು ಮೇಸ್ತ್ರಿಗೆ ಬಿಟ್ಟಿದ್ದು. ಉಳಿದ ಮೂಲೆಯಲ್ಲಿ ಅವರು ಹೇಗೋ ಹೊಂದಿಸುತ್ತಾರೆ.

ವಿಜಯನಗರದ ಕಡೆ ಈಚೆಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಫಳಫಳ ಹೊಳೆಯುವ ಗ್ರಾನೈಟ್ ಮೆಟ್ಟಿಲು. ಮನೆಯ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಡ್ಡಡ್ಡ ತಿರುಗಿ, ಗೋಡೆಗೆ ಕೈ ಊರಿಕೊಂಡು ಇಳಿಯುತ್ತಿದ್ದರು. ನೇರ ಇಳಿದರೆ ಅರ್ಧ ಪಾದ ಹೊರಗೇ ಉಳಿಯುತ್ತಿತ್ತು. ಕಾಲಿಡುವ ಜಾಗ ಒಂಬತ್ತು ಇಂಚು ಇದ್ದಿರಬೇಕು, ಅಷ್ಟೇ.

ಲೆಕ್ಕ ಕಷ್ಟದ್ದೇನಲ್ಲ. ಮೆಟ್ಟಿಲಿನ ಎತ್ತರ ರೈಸರ್, ಕಾಲಿಡುವ ಜಾಗ ಟ್ರೆಡ್. ಎರಡು ರೈಸರ್‌ಗೆ ಒಂದು ಟ್ರೆಡ್ ಕೂಡಿಸಿದರೆ 24–25 ಇಂಚು ಬರಬೇಕು. 17ನೇ ಶತಮಾನದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ನಮ್ಮ ಹೆಜ್ಜೆಯ ಅಳತೆ ಹಿಡಿದು ಹೇಳಿದ ಸೂತ್ರದಿಂದ ಬಂದ ಲೆಕ್ಕ ಇದು. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಮನೆಗಳಲ್ಲಿ ಟ್ರೆಡ್ ಕನಿಷ್ಠ 250 ಮಿ.ಮೀ. (ಸುಮಾರು ಹತ್ತು ಇಂಚು), ರೈಸರ್ ಹೆಚ್ಚೆಂದರೆ 190 ಮಿ.ಮೀ. (ಸುಮಾರು ಏಳೂವರೆ ಇಂಚು). ವಯಸ್ಸಾದವರಿರುವ ಮನೆಗೆ ನಾನು 7 ಇಂಚು ಎತ್ತರ, 11 ಇಂಚು ಅಗಲ ಅನ್ನುತ್ತೇನೆ.

ಜಾಗ ಎಲ್ಲಿದೆ ಅಂತೀರಾ? ನೆಲದಿಂದ ನೆಲಕ್ಕೆ ಹತ್ತೂವರೆ ಅಡಿ ಇಟ್ಟುಕೊಳ್ಳಿ. 7 ಇಂಚಿನ 18 ರೈಸರ್, ಮಧ್ಯೆ ಒಂದು ಲ್ಯಾಂಡಿಂಗ್, ಅಂದರೆ ತಿರುಗಿಕೊಳ್ಳುವ ಸಮತಟ್ಟು ಜಾಗ. ಒಂದೊಂದು ಸಾಲಿಗೆ ಒಂಬತ್ತು ರೈಸರ್, ಎಂಟು ಟ್ರೆಡ್; ಒಂಬತ್ತನೇ ಹೆಜ್ಜೆ ಲ್ಯಾಂಡಿಂಗಿನ ಮೇಲೋ ಮಹಡಿಯ ನೆಲದ ಮೇಲೋ ಬೀಳುತ್ತದೆ. ಒಂಬತ್ತು ಇಂಚಿನದಾದರೆ 72 ಇಂಚು ಉದ್ದ ಬೇಕು, ಹನ್ನೊಂದು ಇಂಚಿನದಾದರೆ 88. ಬರೀ 16 ಇಂಚಿನ ವ್ಯತ್ಯಾಸಕ್ಕೆ ಅಜ್ಜಿ ಮಹಡಿಗೆ ಹೋಗುವುದನ್ನೇ ಬಿಡಬೇಕಾ? ಬೆಸ ಸಂಖ್ಯೆಯೇ ಬೇಕಾದರೆ 19 ಮಾಡಿಸಿ, 17ಕ್ಕೆ ಇಳಿಸಬೇಡಿ.

ಇದಕ್ಕಿಂತ ದೊಡ್ಡ ಅಪಾಯ ಒಂದಿದೆ. ಕಾಂಕ್ರೀಟ್ ಹಾಕುವಾಗ ಎಲ್ಲ ಮೆಟ್ಟಿಲೂ ಸಮ ಇರುತ್ತವೆ. ಆಮೇಲೆ ಕೆಳಗಿನ ನೆಲಕ್ಕೆ ಗಾರೆ, ಟೈಲ್ಸ್ ಸೇರಿ ಎರಡು ಇಂಚು ಏರುತ್ತದೆ. ಮೆಟ್ಟಿಲ ಮೇಲಿನ ಗ್ರಾನೈಟ್ ಅಷ್ಟು ದಪ್ಪ ಬರುವುದಿಲ್ಲ. ಮೊದಲ ಮೆಟ್ಟಿಲು ಗಿಡ್ಡ ಆಗಿಬಿಡುತ್ತದೆ, ಮಹಡಿಗೂ ಅಷ್ಟೇ ಗಾರೆ ಬಿದ್ದರೆ ಕೊನೆಯದು ಎತ್ತರ. ಇಳಿಯುವಾಗ ಕಾಲು ಮುಗ್ಗರಿಸುವುದು ಇಂಥ ಕಡೆಯೇ.

ಚಾಮುಂಡಿ ಬೆಟ್ಟದ ಮೆಟ್ಟಿಲು ಸಮವಾಗಿದೆಯಾ ಅಂತ ಯಾರಾದರೂ ಕೇಳಬಹುದು. ಇಲ್ಲ. ದೊಡ್ಡದೇವರಾಜ ಒಡೆಯರ ಕಾಲದ ಆ ಸಾವಿರ ಮೆಟ್ಟಿಲು ಒಂದರಂತೆ ಒಂದಿಲ್ಲ. ಆದರೆ ಅಲ್ಲಿ ಜನ ಪ್ರತಿ ಮೆಟ್ಟಿಲನ್ನೂ ನೋಡಿಕೊಂಡೇ ಹತ್ತುತ್ತಾರೆ. ಹರಕೆ ಹೊತ್ತವರಂತೂ ಬಗ್ಗಿ ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚುತ್ತಾರೆ. ಮನೆಯಲ್ಲಿ ಹಾಗಲ್ಲ. ಕೈಯಲ್ಲಿ ಒಣಗಿದ ಬಟ್ಟೆಯ ರಾಶಿ ಇರುತ್ತದೆ, ಕಣ್ಣಿಗೆ ಮೆಟ್ಟಿಲೇ ಕಾಣಿಸುವುದಿಲ್ಲ. ಮೊದಲ ಎರಡು ಮೆಟ್ಟಿಲಿನ ಅಳತೆ ಹಿಡಿದು ಕಾಲು ತಾನೇ ನಡೆಯುತ್ತದೆ, ಅಲ್ವಾ?

ಅದಕ್ಕೇ ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಕಟ್ಟುವ ಹಲಗೆಯ ಅಚ್ಚು) ಹೊಡೆಯುವ ಮುಂಚೆ ಮೇಸ್ತ್ರಿ ಹತ್ತಿರ ಕೂತು ಕೆಳಗೆ, ಮೇಲೆ ಫ್ಲೋರಿಂಗ್ ಎಷ್ಟು ದಪ್ಪ ಬರುತ್ತದೆ ಅಂತ ಕೇಳಿ. ಆ ದಪ್ಪ ಸೇರಿಸಿಯೇ ರೈಸರ್ ಭಾಗ ಮಾಡಿಸಿ. ಗ್ರಾನೈಟ್ ಆರಿಸುವಾಗ ಪಾಲಿಶ್ ಬಿಟ್ಟು ತುಸು ಒರಟಾಗಿರುವ ಲೆದರ್ ಫಿನಿಶ್ ನೋಡಿ. ಪಾಲಿಶೇ ಬೇಕೆಂದರೆ ಅಂಚಿನಲ್ಲಿ ಎರಡು ಮೂರು ಗೆರೆ ಹೊಡೆಸಿ, ಒದ್ದೆ ಕಾಲಿಗೆ ಹಿಡಿತ ಸಿಗುತ್ತದೆ. ಮೆಟ್ಟಿಲ ದೀಪಕ್ಕೆ ಮೇಲೊಂದು ಕೆಳಗೊಂದು ಟೂ ವೇ ಸ್ವಿಚ್ ಇರಲಿ, ಎರಡು ಕಡೆಯಿಂದಲೂ ಹಾಕಿ ಆರಿಸಬಹುದು. ರೇಲಿಂಗ್ ಗೃಹಪ್ರವೇಶ ಆದಮೇಲೆ ಹಾಕಿಸಿದರಾಯಿತು ಅಂತ ಮುಂದೂಡಬೇಡಿ. ಅವತ್ತೇ ಮನೆಗೆ ಜಾಸ್ತಿ ಹಿರಿಯರು ಬರುವುದು.