ನೆಲದಡಿಯ ನಗರಕ್ಕೆ ನೀರು ಎಲ್ಲಿಂದ ಬಂತು?

ಕನ್ನಡದಲ್ಲಿ ಕಲ್ಪಿತ ಲೋಕಗಳ ಕತೆ ಬರೆಯುವ ಎಳೆಯರು ಈಚೆಗೆ ಹೆಚ್ಚುತ್ತಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೆಲವರು ತಮ್ಮ ಹಸ್ತಪ್ರತಿಗಳನ್ನು ಓದಿ ಅಭಿಪ್ರಾಯ ತಿಳಿಸಿ ಎಂದು ನನಗೂ ಕಳಿಸುತ್ತಾರೆ, ನಾನೂ ಸಂತೋಷದಿಂದ ಓದುತ್ತೇನೆ. ಅವುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಜಾಗವೆಂದರೆ ನೆಲದಡಿಯ ನಗರ: ತಲೆಯೆತ್ತಿದರೆ ಮಾಡು ಕಾಣದಷ್ಟು ಎತ್ತರದ ಗವಿಗಳು, ಗವಿಯಿಂದ ಗವಿಗೆ ಹರಿಯುವ ಕಾಲುವೆಗಳು, ಕಾಲುವೆಯಲ್ಲಿ ದೀಪ ಹೊತ್ತ ದೋಣಿಗಳು, ದಂಡೆಯ ಬಂಡೆಯಲ್ಲೇ ಕೊರೆದ ಮನೆಗಳು. ಇಂಥ ನಗರವೆಂದರೆ ನನಗೂ ಪ್ರಾಣ. ಆದರೆ ಆ ನಗರದ ರಾಜವಂಶಕ್ಕೆ, ಲಿಪಿಗೆ, ಆಯುಧಗಳಿಗೆ, ಹಬ್ಬಗಳಿಗೆ ಪುಟಗಟ್ಟಲೆ ವಿವರ ಬರೆದ ಕತೆಗಾರರು ನೀರಿನ ವಿಷಯಕ್ಕೆ ಬಂದಾಗ ಮಾತ್ರ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನೀರು ಇದೆ, ಹರಿಯುತ್ತಿದೆ, ಅಷ್ಟೇ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ತೂಬು ಎತ್ತುವವರು ಯಾರು ಎಂಬುದಕ್ಕೆ ಉತ್ತರವಿಲ್ಲ. ವರ್ಷವಿಡೀ ಹರಿಯುವ ನದಿಯೊಂದಿಲ್ಲದ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಓದುಗನಿಗೆ ಇದು ಸಣ್ಣ ಕೊರತೆಯಾಗಿ ಕಾಣುವುದಿಲ್ಲ. ಕಾಲುವೆಗಳ ಮೇಲೆ ನಿಂತ ನಗರದ ಕತೆಯಲ್ಲಿ ನೀರಿನ ಲೆಕ್ಕವೇ ಕತೆಯ ಬೆನ್ನೆಲುಬು ಎಂದು ನಾನು ನಂಬಿದ್ದೇನೆ.

ನಾನು ಓದಿರುವ ನೆಲದಡಿಯ ನಗರಗಳಲ್ಲಿ ಅತ್ಯಂತ ಚೆನ್ನಾಗಿ ಕಟ್ಟಿದ ನಗರ ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದಲ್ಲಿದೆ. ಸೀತೆಯನ್ನು ಹುಡುಕುತ್ತಾ ದಕ್ಷಿಣಕ್ಕೆ ಹೊರಟ ಅಂಗದ, ಹನುಮಂತ ಮೊದಲಾದವರು ಹಸಿವು ಬಾಯಾರಿಕೆಗಳಿಂದ ಕಂಗೆಟ್ಟು ಅಲೆಯುತ್ತಿರುವಾಗ ಋಕ್ಷಬಿಲವೆಂಬ ಗುಹೆಯ ಬಾಯಿ ಕಾಣುತ್ತದೆ. ಅದರೊಳಗಿಂದ ಹಂಸ, ಕ್ರೌಂಚ, ಸಾರಸ, ಚಕ್ರವಾಕ ಪಕ್ಷಿಗಳು ಹೊರಗೆ ಹಾರಿ ಬರುತ್ತಿವೆ. ಅವುಗಳ ಮೈಯಿಂದ ನೀರು ತೊಟ್ಟಿಕ್ಕುತ್ತಿದೆ, ರೆಕ್ಕೆಗಳಿಗೆ ತಾವರೆಯ ಕೇಸರ ಮೆತ್ತಿ ಕೆಂಪಾಗಿದೆ. ಗುಹೆಯ ಬಾಯಲ್ಲಿರುವ ಮರಗಳು ಹಸಿರಾಗಿವೆ. ಒಳಗೆ ಬಾವಿಯೋ ಮಡುವೋ ಇದ್ದೇ ಇರಬೇಕು ಎಂದು ಹನುಮಂತ ಊಹಿಸುವುದು ಇಷ್ಟೇ ಸಾಕ್ಷ್ಯದ ಮೇಲೆ. ಆಮೇಲೆ ಅವರೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡು ಯೋಜನದಷ್ಟು ದೂರ ಕತ್ತಲಲ್ಲಿ ನಡೆಯುತ್ತಾರೆ, ಕೊನೆಗೆ ಬೆಳಕು ಕಾಣುತ್ತದೆ: ಚಿನ್ನದ ಮರಗಳು, ತಿಳಿನೀರಿನ ತಾವರೆಗೊಳಗಳು, ಕೊಳಗಳಲ್ಲಿ ಹೊನ್ನಿನ ಮೀನು, ಆಮೆಗಳು, ಬೆಳ್ಳಿ ಬಂಗಾರದ ಮನೆಗಳು. ದಾನವಶಿಲ್ಪಿ ಮಯ ಕಟ್ಟಿದ ಆ ಜಾಗವನ್ನು ನಾರುಮಡಿ, ಕೃಷ್ಣಾಜಿನ ತೊಟ್ಟ ಸ್ವಯಂಪ್ರಭೆ ಎಂಬ ತಪಸ್ವಿನಿ ತನ್ನ ಗೆಳತಿ ಹೇಮೆಗಾಗಿ ಕಾಯುತ್ತಿದ್ದಾಳೆ.

ಇಲ್ಲಿ ಕವಿಯ ಕೆಲಸವನ್ನು ಗಮನಿಸಬೇಕು. ನಗರವನ್ನು ತೋರಿಸುವ ಮೊದಲೇ ಅವನು ನೀರನ್ನು ತೋರಿಸುತ್ತಾನೆ, ಅದೂ ನೇರವಾಗಿ ತೋರಿಸದೆ ಹಕ್ಕಿಯ ರೆಕ್ಕೆಯ ಮೇಲೆ ತೋರಿಸುತ್ತಾನೆ. ಬರಗಾಲದ ಸೀಮೆಯಲ್ಲಿ ನೀರು ಹುಡುಕುವವರು ಇಂದಿಗೂ ಮಾಡುವುದು ಇದನ್ನೇ. ಯಾವ ಗಿಡ ಬೇಸಿಗೆಯಲ್ಲೂ ಹಸಿರಾಗಿದೆ, ಹಕ್ಕಿಗಳು ಸಂಜೆ ಯಾವ ದಿಕ್ಕಿಗೆ ಹೋಗುತ್ತವೆ ಎಂದು ನೋಡುತ್ತಾರೆ. ಹೊರಗೆ ಬರುವ ದಾರಿಗೂ ಕವಿ ಒಂದು ನಿಯಮವಿಟ್ಟಿದ್ದಾನೆ: ಒಳಗೆ ಹೊಕ್ಕವರು ಜೀವಸಹಿತ ಹೊರಬರುವುದು ಕಷ್ಟ, ಸ್ವಯಂಪ್ರಭೆಯ ತಪೋಬಲದಿಂದ ಕಣ್ಣು ಮುಚ್ಚಿಕೊಂಡವರಿಗೆ ಮಾತ್ರ ಅದು ಸಾಧ್ಯ. ಸುಗ್ರೀವ ಕೊಟ್ಟ ಗಡುವು ಮೀರಿತೆಂದು ಹೆದರಿದ ವಾನರರಲ್ಲಿ ತಾರನೆಂಬವನು ಆ ಬಿಲದೊಳಗೇ ಇದ್ದುಬಿಡೋಣ, ಅಲ್ಲಿ ಅನ್ನ ನೀರಿಗೆ ಕೊರತೆಯಿಲ್ಲ, ಇಂದ್ರನ ಭಯವೂ ಇಲ್ಲ ಎನ್ನುತ್ತಾನೆ. ಲಕ್ಷ್ಮಣನ ಬಾಣಗಳು ಅದನ್ನು ಎಲೆಯ ದೊನ್ನೆಯಂತೆ ಸೀಳಿಬಿಡುತ್ತವೆ ಎಂದು ಹನುಮಂತ ಅಂಗದನನ್ನು ಎಚ್ಚರಿಸುತ್ತಾನೆ. ನೀರಿದ್ದ ಮಾತ್ರಕ್ಕೆ ಅಡಗುದಾಣ ಸುರಕ್ಷಿತವಾಗುವುದಿಲ್ಲ ಎಂಬ ತರ್ಕ ಕೂಡ ಆ ಕತೆಯೊಳಗೇ ಇದೆ. ಇಷ್ಟು ದೊಡ್ಡ ಮಾದರಿ ಮನೆಯಲ್ಲೇ ಇರುವಾಗ ನಮ್ಮ ಎಳೆಯರು ಹೊರಗಿನ ಆಟಗಳ, ಧಾರಾವಾಹಿಗಳ ನಕ್ಷೆ ನೋಡಿ ನಗರ ಕಟ್ಟುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಇನ್ನು ಕಲ್ಲಿನ ಮಾತು. ದೊಡ್ಡ ಗವಿಗಳು ತಾವಾಗಿ ಹುಟ್ಟುವುದು ಹೆಚ್ಚಾಗಿ ಸುಣ್ಣಕಲ್ಲಿನ ನೆಲದಲ್ಲಿ, ಏಕೆಂದರೆ ನೀರು ಸುಣ್ಣಕಲ್ಲನ್ನು ಸಾವಿರಾರು ವರ್ಷಗಳಲ್ಲಿ ಕರಗಿಸಬಲ್ಲದು. ಆಂಧ್ರದ ಬೇಲಂ ಗುಹೆಗಳು ಹಾಗೆ ಆದವು. 3,229 ಮೀಟರ್ ಉದ್ದದ ಆ ಗುಹೆಗಳ ಅತಿ ಆಳದ ಜಾಗದಲ್ಲಿ ಪಾತಾಳಗಂಗೆ ಎಂಬ ಝರಿಯಿದೆ. ಆ ಗುಹೆಗಳನ್ನು ಕೊರೆದದ್ದು ಹಿಂದೊಮ್ಮೆ ಆ ಕಡೆ ಹರಿಯುತ್ತಿದ್ದ ಚಿತ್ರಾವತಿ ಎಂಬ ವಿವರಣೆ ಪ್ರಚಲಿತದಲ್ಲಿದೆ, ಮತ್ತು ಚಿತ್ರಾವತಿ ಹುಟ್ಟುವುದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಆದರೆ ನಮ್ಮ ಕಾಲಡಿಯಿರುವುದು ಗ್ರಾನೈಟು ಮತ್ತು ನೈಸ್ ಶಿಲೆ. ಇವು ಹಾಗೆ ಕರಗುವುದಿಲ್ಲ, ಬಿರುಕು ಬಿಡುತ್ತವೆ. ನಮ್ಮ ಅಂತರ್ಜಲವೆಲ್ಲ ಈ ಬಿರುಕುಗಳಲ್ಲಿ ಸಿಕ್ಕಿಕೊಂಡ ನೀರೇ, ಆದ್ದರಿಂದಲೇ ಒಂದು ಬೋರ್‌ವೆಲ್‌ನಲ್ಲಿ ನೀರು ಚಿಮ್ಮಿದರೆ ಪಕ್ಕದ ಹೊಲದಲ್ಲಿ ಸಾವಿರ ಅಡಿ ಕೊರೆದರೂ ಬರೀ ಬಿಳಿ ದೂಳು ಮೇಲೆದ್ದು ಬರುತ್ತದೆ. ಹಾಗಾಗಿ ಕೋಲಾರದ ಕೆಳಗೆ ವಿಶಾಲ ಗವಿಗಳ ನಗರವಿದೆ ಎಂದು ಬರೆಯುವವರು ಅದನ್ನು ಕೊರೆದವರು ಯಾರು ಎಂಬುದನ್ನೂ ಬರೆಯಬೇಕಾಗುತ್ತದೆ. ಟರ್ಕಿಯ ಡೆರಿಂಕುಯುವಿನಲ್ಲಿ ಮನುಷ್ಯರೇ ಸುಮಾರು 85 ಮೀಟರ್ ಆಳದವರೆಗೆ ಊರು ಕೊರೆದರು, ಆದರೆ ಅಲ್ಲಿಯದು ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಮೆತ್ತನೆಯ ಕಲ್ಲು. ಅವರ ಕೆಲವು ಬಾವಿಗಳಿಗೆ ನೆಲದ ಮೇಲೆ ಬಾಯಿಯೇ ಇರಲಿಲ್ಲವಂತೆ. ಮೇಲೆ ಬಂದ ಶತ್ರು ನೀರಿಗೆ ವಿಷ ಹಾಕಬಾರದು ಎಂಬ ಮುಂದಾಲೋಚನೆ ಅದು.

ನಮ್ಮಲ್ಲಿ ತಾನಾಗಿ ಆದ ಗವಿ ನೋಡಬೇಕಾದರೆ ಅಂತರಗಂಗೆಯ ಬೆಟ್ಟ ಹತ್ತಬೇಕು. ಕಾಶಿ ವಿಶ್ವೇಶ್ವರನ ಗುಡಿಯ ಬಳಿ ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ಬೀಳುವ ನೀರನ್ನು ಎಲ್ಲರೂ ಬೊಗಸೆಯಲ್ಲಿ ಹಿಡಿಯುತ್ತಾರೆ. ಅಲ್ಲಿಂದ ಮೇಲೆ ಹೋದರೆ ಒಂದರ ಮೇಲೊಂದು ಉರುಳಿ ನಿಂತ ಬಂಡೆಗಳ ನಡುವಿನ ಸಂದುಗಳೇ ಗವಿಗಳಾಗಿವೆ. ಒಳಗೆ ಇಳಿಯುವಾಗ ಎದೆ ಒಂದು ಬಂಡೆಗೆ, ಬೆನ್ನು ಇನ್ನೊಂದಕ್ಕೆ ಉಜ್ಜುತ್ತದೆ. ಕೆಲವೆಡೆ ಅಡ್ಡಡ್ಡ ಸರಿಯಬೇಕು, ಕೆಲವೆಡೆ ಕುಳಿತು ಜಾರಬೇಕು. ಮೇಲಿನ ಬಿರುಕಿನಿಂದ ಇಳಿದ ಬೆಳಕು ಮೊಣಕೈಯಷ್ಟು ಅಗಲದ ಪಟ್ಟೆಯಾಗಿ ಎದುರಿನ ಕಲ್ಲಿನ ಮೇಲೆ ಬಿದ್ದಿರುತ್ತದೆ, ಅದರಾಚೆ ಕೈಯೂ ಕಾಣುವುದಿಲ್ಲ. ಕೊರಟಗೆರೆ ಬಳಿಯ ಸಿದ್ಧರಬೆಟ್ಟದಲ್ಲೂ ಇಂಥದೇ ಬಂಡೆಗವಿ, ಒಳಗೆ ಗುಡಿ, ಗುಡಿಯ ಬಳಿ ನೀರಿನ ಸೆಲೆ. ಕತೆ ಬರೆಯುವವರು ಒಮ್ಮೆ ಇಲ್ಲಿ ನುಸುಳಿ ಬಂದರೆ ಗವಿ ಎಂದರೆ ಅರಮನೆಯ ಹಜಾರ ಎಂಬ ಭಾವನೆ ಹೋಗುತ್ತದೆ. ತುಮಕೂರಿನ ಪಾವಗಡ, ಮಧುಗಿರಿ ಕಡೆಯ ತಲಪರಿಗೆಗಳನ್ನೂ ಅವರು ನೋಡಬೇಕು. ಮರಳು ನೆಲದಲ್ಲಿ ಹೆಚ್ಚು ಆಳಕ್ಕೆ ಹೋಗದೆ ಒರತೆಯ ಬಾಯಿ ಬಿಡಿಸಿ, ಒಸರಿದ ನೀರನ್ನು ಕಾಲುವೆಯಲ್ಲಿ ಗದ್ದೆಗೆ ತಿರುಗಿಸುವ ಆ ಉಪಾಯವನ್ನು ಕಂಡವರಿಗೆ ನೆಲದಡಿಯ ನದಿಯನ್ನು ಕಲ್ಪಿಸಿಕೊಳ್ಳುವುದು ಸುಲಭ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಇನ್ನೊಂದು ಉದಾಹರಣೆ: ನೆಲದಡಿ ಕೊರೆದ ನೀರಿನ ಸುರಂಗಕ್ಕೆ ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಇಟ್ಟಿದ್ದಾರೆ, ಗಾಳಿಯೂ ಬೆಳಕೂ ಅಲ್ಲಿಂದಲೇ ಇಳಿಯುತ್ತವೆ.

ಕೊರೆದ ನಗರಕ್ಕೆ ಬೇರೆ ದೇಶಕ್ಕೂ ಹೋಗಬೇಕಾಗಿಲ್ಲ, ಕೆಜಿಎಫ್ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಬೆಳೆದ ಆ ಗಣಿಗಳಲ್ಲಿ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಕಲ್ಲಿನ ಬಿಸಿಯೇ 50 ಡಿಗ್ರಿ ದಾಟುತ್ತದೆ, ತಣ್ಣನೆಯ ಗಾಳಿಯನ್ನು ಮೇಲಿನಿಂದ ತಳ್ಳದೆ ಅಲ್ಲಿ ಯಾರೂ ಕೆಲಸ ಮಾಡಲಾರರು; ಒತ್ತಡಕ್ಕೆ ಸಿಕ್ಕ ಬಂಡೆ ಇದ್ದಕ್ಕಿದ್ದಂತೆ ಸಿಡಿದು ಎಷ್ಟೋ ಜೀವಗಳನ್ನು ಬಲಿ ತೆಗೆದುಕೊಂಡಿದೆ. ಈ ಗಣಿಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತಿನ ತಂತಿ ಎಳೆದು ತಂದರು. 1965ರಲ್ಲಿ ವಿಜ್ಞಾನಿಗಳು ಕಾಸ್ಮಿಕ್ ಕಿರಣಗಳಿಂದ ಹುಟ್ಟಿದ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳ ಜಾಡು ಹಿಡಿದದ್ದೂ ಇದೇ ಆಳದ ಕತ್ತಲಲ್ಲಿ. ಕೆಳಗೆ ಇಳಿದವರು ಬಹುಪಾಲು ತಮಿಳು, ತೆಲುಗು ಮಾತಾಡುವ ಬಡವರು, ಅವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನಿಂದ ಬಂದ ದಲಿತರು. ಮೇಲೆ ಬಂಗಲೆಗಳಲ್ಲಿ ಇದ್ದವರು ಬಿಳಿಯ ಅಧಿಕಾರಿಗಳು. ನೆಲದಡಿಯ ನಗರವನ್ನು ಬರೆಯುವಾಗ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ ಯಾರಿದ್ದಾರೆ ಎಂದು ಕೇಳದೆ ಮುಂದೆ ಹೋಗಬಾರದು ಎಂದು ನಾನು ಹೇಳುವುದು ಈ ಇತಿಹಾಸದ ಕಾರಣದಿಂದ.

ನೀರಿನ ವಿಷಯದಲ್ಲಿ ಕೆಜಿಎಫ್ ಕಲಿಸುವ ಪಾಠ ಇನ್ನೂ ದೊಡ್ಡದು. ಯಾವುದೇ ಗಣಿಯಲ್ಲಿ ಬಿರುಕುಗಳಿಂದ ಸೋರಿದ ನೀರು, ಕಲ್ಲು ಕೊರೆಯಲು ಬಳಸಿದ ನೀರು ತಗ್ಗಿನಲ್ಲಿ ಸೇರಿಕೊಳ್ಳುತ್ತಲೇ ಇರುತ್ತದೆ, ಅದನ್ನು ಹಗಲೂ ರಾತ್ರಿ ಪಂಪು ಮಾಡಿ ಮೇಲಕ್ಕೆ ಎತ್ತಬೇಕು. ಅದೇ ಊರಿನ ಜನಕ್ಕೆ ಕುಡಿಯುವ ನೀರು ಮಾತ್ರ ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ಬರಬೇಕಾಗಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಮನುಷ್ಯರು ಒಂದು ಶತಮಾನಕ್ಕೂ ಹೆಚ್ಚು ಕಾಲ ಓಡಾಡಿದ ಓಣಿಗಳೆಲ್ಲ ಈಗ ಕಾಲುವೆಗಳಾಗಿವೆ. ಕೆಳಗಿನ ನಗರದಲ್ಲಿ ನೀರು ಬರುವ ದಾರಿಗಿಂತ ಹೋಗುವ ದಾರಿಯ ಚಿಂತೆ ದೊಡ್ಡದು. ಹರಿದುಹೋಗಲು ಅದಕ್ಕಿಂತ ಕೆಳಗಿನ ಜಾಗವಿಲ್ಲದಿದ್ದರೆ ಆ ನಗರ ದಿನದಿನವೂ ಮುಳುಗುವುದನ್ನು ತಡೆಯುತ್ತಲೇ ಬದುಕಬೇಕು. ಇಂಥ ಭಯದಲ್ಲಿ ದಿನ ಕಳೆಯುವ ಪಾತ್ರವೊಂದನ್ನು ನಾನು ಇನ್ನೂ ಯಾವ ಹಸ್ತಪ್ರತಿಯಲ್ಲೂ ಓದಿಲ್ಲ.

ನಾನೇ ಬರೆಯುವುದಾದರೆ ಆ ನಗರದ ಕಾಲುವೆಗಳನ್ನು ನಮ್ಮ ಕೆರೆಗಳ ಸರಪಣಿಯಂತೆ ಜೋಡಿಸುತ್ತೇನೆ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ 4,000ಕ್ಕೂ ಹೆಚ್ಚು ಕೆರೆಗಳಿದ್ದವು, ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನದು ತುಂಬುವಂತೆ ಅವು ಒಂದಕ್ಕೊಂದು ಹೊಂದಿಕೊಂಡಿದ್ದವು. ತೂಬು ಎತ್ತಿ ಇಳಿಸುವ ಹೊಣೆ ನೀರುಗಂಟಿಯದು. ಹೆಚ್ಚಾಗಿ ದಲಿತ ಮನೆತನದವನಾದ, ಅಚ್ಚುಕಟ್ಟಿನಲ್ಲಿ ಹೇಳಿಕೊಳ್ಳುವಂಥ ಜಮೀನಿಲ್ಲದ ಈ ಮನುಷ್ಯ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುತ್ತಿದ್ದ, ಬರದ ವರ್ಷ ಎಷ್ಟು ಗದ್ದೆ ನೆಡಬಹುದು ಎಂಬ ಮಾತಿಗೂ ಅವನು ಬೇಕಾಗಿತ್ತು. ಊರಿನ ಗೌಡನೂ ಸರದಿ ಕಾಯಬೇಕಾಗಿದ್ದ ವ್ಯವಸ್ಥೆ ಅದು, ಆದರೆ ಅದೇ ನೀರುಗಂಟಿಗೆ ಊರ ಬಾವಿಯಲ್ಲಿ ನೀರು ಸೇದಲು ಬಿಡದ ವ್ಯವಸ್ಥೆಯೂ ಹೌದು. ನೆಲದಡಿಯ ನಗರದಲ್ಲಿ ಅಂಥ ಒಬ್ಬಳು ನೀರುಗಂಟಿ ಇದ್ದು, ಮೇಲೆ ಮಳೆಯಾಗದ ಮೂರನೆಯ ವರ್ಷ ಯಾವ ಗವಿಯ ತೂಬನ್ನು ಮುಚ್ಚಬೇಕೆಂದು ಅವಳು ತೀರ್ಮಾನಿಸಬೇಕಾಗಿ ಬಂದರೆ, ಖಡ್ಗ ಹಿಡಿದ ರಾಜಕುಮಾರನ ಅಗತ್ಯ ಆ ಕತೆಗೆ ಬೀಳುವುದಿಲ್ಲ.

ಬಳಸಿದ ನೀರಿನ ಪ್ರಶ್ನೆಯೂ ಉಳಿಯುತ್ತದೆ. ಮೇಲಿನ ಗವಿಯವರು ತೊಳೆದು ಬಿಟ್ಟದ್ದನ್ನು ಕೆಳಗಿನ ಗವಿಯವರು ಕುಡಿಯಬೇಕೇ? 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಬತ್ತಿದ ಕೆರೆ ತುಂಬಿದ್ದನ್ನು ಕಂಡು ಹಿಗ್ಗಿದವರೂ ನಮ್ಮವರೇ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತ ಬೇಕೇ ಬೇಕು ಎಂದು ಬೀದಿಗಿಳಿದವರೂ ನಮ್ಮವರೇ. ನಾನು ಮೂರನೆಯ ಹಂತ ಬೇಕೆನ್ನುವವರ ಕಡೆ ಇದ್ದೇನೆ. ಈ ವಾದವನ್ನು ಮನೆ ಮನೆಯಲ್ಲಿ ಕೇಳಿ ಬೆಳೆದ ಹುಡುಗ ಹುಡುಗಿಯರು ಕಾಲುವೆಗಳ ನಗರವನ್ನು ಬರೆಯುವಾಗ ಅದರ ನೀರು ಸದಾ ತಿಳಿಯಾಗಿ ಹರಿಯುತ್ತದೆ ಎಂದು ಬರೆಯುವುದೇಕೆ?

ಕಲ್ಪನೆಗೆ ಲೆಕ್ಕದ ಸಂಕೋಲೆ ಹಾಕಬೇಡಿ ಎಂದು ಒಬ್ಬರು ಬಹಳ ಬೇಸರದಿಂದ ನನಗೆ ಉತ್ತರಿಸಿದ್ದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಹೊನ್ನಿನ ಮೀನುಗಳನ್ನು ಕಲ್ಪಿಸಿದ ಕವಿಯೇ ಹಕ್ಕಿಗಳ ಒದ್ದೆ ರೆಕ್ಕೆಯನ್ನೂ ಬರೆದಿದ್ದಾನೆ, ಆ ಒದ್ದೆ ರೆಕ್ಕೆಯನ್ನು ಕಂಡದ್ದರಿಂದಲೇ ಹೊನ್ನಿನ ಮೀನುಗಳನ್ನು ನಾವು ನಂಬುತ್ತೇವೆ. ಗಾಳಿ, ಬೆಳಕು, ಅನ್ನ ಇವುಗಳಿಗೆ ಮಾಟವನ್ನೋ ಮಣಿಯನ್ನೋ ಇಟ್ಟುಕೊಂಡರೆ ನನ್ನ ತಕರಾರಿಲ್ಲ, ಕತೆಗೆ ಅಷ್ಟು ಸ್ವಾತಂತ್ರ್ಯ ಇರಲೇಬೇಕು. ನೀರಿಗೆ ಮಾತ್ರ ಹಾಗೆ ಮಾಡಬೇಡಿ. ಇನ್ನು ಮುಂದೆ ಹಸ್ತಪ್ರತಿ ಕಳಿಸುವವರು ನಗರದ ನಕ್ಷೆಯನ್ನೂ ಜೊತೆಗಿಟ್ಟು ಕಳಿಸಿ, ಅದರಲ್ಲಿ ಸೆಲೆ, ತೂಬು, ಕೋಡಿಗಳನ್ನು ಗುರುತು ಮಾಡಿರಿ, ನೀರುಗಂಟಿಯ ಮನೆ ಯಾವ ಗವಿಯಲ್ಲಿದೆ ಎಂಬುದನ್ನೂ ಬರೆಯಿರಿ. ನಾನು ಮೊದಲು ಓದುವುದು ಅದನ್ನೇ.