ನಮಗೇನೂ ದೂರದ ಆಟವಲ್ಲ

20 ವರ್ಷದೊಳಗಿನ ಹುಡುಗರ ವಿಶ್ವ ಐಸ್ ಹಾಕಿ ಟೂರ್ನಿ ಬಗ್ಗೆ ನೀವು ಲೇಖನ ಬರೆದದ್ದು ಖುಷಿಯಾಯಿತು. ಆದರೆ 'ನಮಗೆ ಸಂಬಂಧವಿಲ್ಲದ ಆಟ' ಅಂದಿದ್ದೀರಿ, ಅದನ್ನು ಕೊಡಗಿನವರು ಒಪ್ಪುವುದಿಲ್ಲ ಸಾರ್! ಟೂರ್ನಿ ಶುರುವಾಗುವುದು ಡಿಸೆಂಬರ್ 26ಕ್ಕೆ. ಇಲ್ಲಿ ಆಗ ಕಾಫಿ ಕೊಯ್ಲು. ಹಗಲೆಲ್ಲ ತೋಟ, ರಾತ್ರಿ ಮೊಬೈಲ್‌ನಲ್ಲಿ ಮ್ಯಾಚು.

ನಮ್ಮ ಮೈದಾನದ ಹಾಕಿಯಲ್ಲಿ ತಂಡಕ್ಕೆ 11 ಜನ, ಅಲ್ಲಿ ಗೋಲ್‌ಕೀಪರ್ ಸೇರಿ ಆರೇ ಜನ. ಚೆಂಡಿನ ಬದಲು ರಬ್ಬರ್ ಬಿಲ್ಲೆ. ಸಣ್ಣ ತಪ್ಪಿಗೆ ಎರಡು ನಿಮಿಷ ಹೊರಗೆ. ನಮ್ಮ ಹಾಕಿಯಲ್ಲಿ ಅಂಪೈರ್ ತೋರಿಸುವ ಗ್ರೀನ್ ಕಾರ್ಡಿಗೂ ಅಷ್ಟೇ ಅಲ್ವಾ? ಆದರೆ ಅಲ್ಲಿ ಎದುರಾಳಿ ಗೋಲು ಹೊಡೆದರೆ ಹುಡುಗ ಆಗಲೇ ವಾಪಸ್ ಬರಬಹುದು. ಈ ನಿಯಮ ನನಗೆ ಬಹಳ ಹಿಡಿಸಿತು.

2024ರಲ್ಲಿ ನಮ್ಮ ಕೊಡಗಿನ ನಾಪೋಕ್ಲಿನಲ್ಲಿ ನಡೆದ ಕೊಡವ ಕುಟುಂಬಗಳ ಹಾಕಿ ಟೂರ್ನಿ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬ ಆಡಿದವು. ಐಸ್ ಒಂದಿಲ್ಲ, ಅಷ್ಟೇ!